ಗಾಮೇ ದ್ರಾಕ್ಷಿಯೂ ಓಕ್ ಪೀಪಾಯಿಯೂ

ಹಣ್ಣುಹಂಪಲುಗಳಲ್ಲಿಯೂ ಕುಲೀನ, ಅಕುಲೀನ ಎಂಬ ಭೇದವನ್ನು ಮನುಷ್ಯ ಬಹು ಹಿಂದಿನಿಂದಲೇ ಕಲ್ಪಿಸಿಕೊಂಡು ಬಂದಿದ್ದಾನೆ. ನಮ್ಮಲ್ಲಿ ನಂಜನಗೂಡಿನ ರಸಬಾಳೆಗೆ ಇರುವ ಗೌರವ ಪಚ್ಚಬಾಳೆಗೆ ಇಲ್ಲ. ಪಚ್ಚಬಾಳೆ ಹೆಚ್ಚು ಫಲ ಕೊಡುತ್ತದೆ, ಬಡವರ ಹಸಿವನ್ನು ತಣಿಸುತ್ತದೆ. ಆದರೂ ಅತಿಥಿಗಳ ಮುಂದಿಡುವಾಗ ನಮ್ಮ ಕೈ ರಸಬಾಳೆಯನ್ನೇ ಅರಸುತ್ತದೆ. ಇಂಥದೇ ಭೇದ ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಯ ವಿಷಯದಲ್ಲಿ ರಾಜಾಜ್ಞೆಯ ರೂಪವನ್ನೇ ತಾಳಿತು. ಆ ಆಜ್ಞೆಗೆ ಗುರಿಯಾಗಿ ಊರು ಬಿಟ್ಟ ಕಪ್ಪು ದ್ರಾಕ್ಷಿಯ ಹೆಸರು ಗಾಮೇ. ಅದರ ರಸದಿಂದ ಕೆಂಪು ವೈನನ್ನು ತಯಾರಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಮಾಗಿಸಲು ಹೊರಟಿರುವ ಹೊಸ ತಲೆಮಾರಿನ ಪುಟ್ಟ ವೈನರಿಗಳ ಸಾಹಸವೇ ಇಂದಿನ ನನ್ನ ಭಾಷಣದ ವಿಷಯ.

ಮದ್ಯಪಾನದ ಗುಣದೋಷಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ಕುಡಿತದಿಂದ ಮುರಿದ ಮನೆಗಳನ್ನು ಕಣ್ಣಾರೆ ಕಂಡಿರುವ ಕೇಳುಗರಿಗೆ ಆ ಮಾತನ್ನು ಹೊಸದಾಗಿ ಹೇಳಬೇಕಾದುದೂ ಇಲ್ಲ. ನಾನು ಹೇಳಹೊರಟಿರುವುದು ಒಂದು ಬೆಳೆಯ ಕಥೆ, ಒಂದು ಕಸುಬಿನ ಕಥೆ. ಹಗುರವೆಂದು ಜಗತ್ತು ತೀರ್ಮಾನಿಸಿಬಿಟ್ಟ ವಸ್ತುವೊಂದರಲ್ಲಿ ಗಾಂಭೀರ್ಯವಿದೆಯೆಂದು ನಂಬಿ, ಆ ನಂಬಿಕೆಗೆ ತಮ್ಮ ಹಣವನ್ನೂ ಆಯುಷ್ಯವನ್ನೂ ಒತ್ತೆಯಿಟ್ಟವರ ಕಥೆ.

ಮೊದಲು ಆ ರಾಜಾಜ್ಞೆಯ ವೃತ್ತಾಂತವನ್ನು ನೋಡೋಣ. ಫ್ರಾನ್ಸಿನ ಪೂರ್ವಭಾಗದಲ್ಲಿರುವ ಬರ್ಗಂಡಿ ಪ್ರಾಂತ ಪಿನೋ ನ್ವಾರ್ ಎಂಬ ಸುಕುಮಾರ ದ್ರಾಕ್ಷಿಗೆ ಹೆಸರಾದುದು. ಗಾಮೇ ಎಂಬ ಹಳ್ಳಿಯೊಂದು ಆ ಪ್ರಾಂತದಲ್ಲಿಯೇ ಇದೆ. ದ್ರಾಕ್ಷಿಯೂ ಹಳ್ಳಿಯೂ ಒಂದೇ ಹೆಸರನ್ನು ಹೊತ್ತಿವೆ. 1348ರ ಸುಮಾರಿಗೆ ಯೂರೋಪನ್ನು ಕವಿದ ಮಹಾಮಾರಿ ಪ್ಲೇಗು ಊರೂರುಗಳನ್ನು ಬರಿದುಮಾಡಿತು. ತೋಟಗಳಲ್ಲಿ ಕೆಲಸಕ್ಕೆ ಆಳುಗಳಿಲ್ಲದಾಯಿತು. ಇಂಥ ಕಾಲದಲ್ಲಿ ಬೇಗ ಹಣ್ಣಾಗುವ, ಅಷ್ಟಾಗಿ ಆರೈಕೆ ಬೇಡದ, ಪಿನೋ ಬಳ್ಳಿಗಿಂತ ಬಹಳ ಹೆಚ್ಚು ಗೊಂಚಲು ಬಿಡುವ ಗಾಮೇ ಬಳ್ಳಿಯನ್ನು ರೈತರು ನೆಚ್ಚಿಕೊಂಡರೆ ಆಶ್ಚರ್ಯವೇನು? ಆದರೆ ಬರ್ಗಂಡಿಯ ಡ್ಯೂಕ್ ಆಗಿದ್ದ ಧೀರ ಫಿಲಿಪ್‌ನಿಗೆ ತನ್ನ ನಾಡಿನ ವೈನಿನ ಕೀರ್ತಿಯೇ ದೊಡ್ಡದಾಗಿ ಕಂಡಿತು. 1395ರ ಜುಲೈ 31ರಂದು ಆತ ಹೊರಡಿಸಿದ ಶಾಸನ ಗಾಮೇ ಬಳ್ಳಿಯನ್ನು ದ್ರೋಹಿಯೆಂದು ಕರೆದು, ಅದನ್ನು ಕಡಿದು ಬೇರುಸಹಿತ ಕಿತ್ತುಹಾಕಬೇಕೆಂದು ವಿಧಿಸಿತು. ತೋಟಗಳಿಗೆ ಸಗಣಿಗೊಬ್ಬರ ಹಾಕುವುದನ್ನೂ ಅದು ನಿಷೇಧಿಸಿತು. ಇಳುವರಿಯ ಆಸೆಯೇ ವೈನಿನ ರುಚಿಗೆ ಶತ್ರು ಎಂಬುದು ಅದರ ತಾತ್ಪರ್ಯ.

ಡ್ಯೂಕನ ಮಾತಿನಲ್ಲಿ ಸತ್ಯಾಂಶವಿರಲಿಲ್ಲವೆಂದು ಹೇಳಲಾಗದು. ಬರ್ಗಂಡಿಯ ಸುಣ್ಣಗಲ್ಲಿನ ಫಲವತ್ತಾದ ನೆಲದಲ್ಲಿ ಗಾಮೇ ಬಳ್ಳಿ ಮಿತಿಮೀರಿ ಫಲ ಬಿಡುತ್ತದೆ. ಹಾಗೆ ಬಿಟ್ಟ ಹಣ್ಣಿನ ರಸ ನೀರುನೀರಾಗಿ, ಬರಿಯ ಹುಳಿಯಾಗಿ ಪರಿಣಮಿಸುತ್ತದೆ. ಆದರೆ ದೋಷ ಬಳ್ಳಿಯದೋ, ನೆಲದ್ದೋ, ಬೆಳೆಯುವವನದೋ ಎಂಬ ಪ್ರಶ್ನೆಯನ್ನು ಶಾಸನ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ದೊರೆತದ್ದು ದಕ್ಷಿಣದಲ್ಲಿ, ಮಾಕೋಂ ಮತ್ತು ಲಿಯೋಂ ನಗರಗಳ ನಡುವೆ ಹಬ್ಬಿರುವ ಬೋಜೊಲೆ ಗುಡ್ಡಗಳಲ್ಲಿ. ಈ ಪ್ರದೇಶದ ಉತ್ತರಾರ್ಧದ ಮಣ್ಣು ಶಿಥಿಲವಾದ ಗ್ರಾನೈಟ್ ಶಿಲೆಯಿಂದ ಆದುದು. ಒಕ್ಕಲುತನಕ್ಕೆ ಅದು ಬಡ ಮಣ್ಣು. ಕಾಳು ಬೆಳೆಯುವವನಿಗೆ ಕೈಕೊಡುವ ಮಣ್ಣು. ಅಲ್ಲಿ ಗಾಮೇ ತನ್ನ ಅಬ್ಬರವನ್ನು ಕಳೆದುಕೊಂಡಿತು. ಗೊಂಚಲು ಕಡಿಮೆಯಾಯಿತು, ಕಾಳು ಸಣ್ಣದಾಯಿತು, ರಸ ಗಟ್ಟಿಯಾಯಿತು. ಬಡ ಬಳ್ಳಿಗೂ ಬಡ ನೆಲಕ್ಕೂ ಕೂಡಿಬಂದ ಸಂಬಂಧ ಅದು.

ಈ ಉತ್ತರಾರ್ಧದ ಹತ್ತು ಪ್ರದೇಶಗಳಿಗೆ ತಮ್ಮ ತಮ್ಮ ಹೆಸರಿನಿಂದಲೇ ವೈನನ್ನು ಮಾರುವ ವಿಶೇಷ ಹಕ್ಕು ಇದೆ. ಮೊರ್ಗೋನ್, ಫ್ಲೊರಿ, ಶೆನಾ, ಬ್ರೂಯಿ ಮೊದಲಾದವು ಅವು. ಹತ್ತನೆಯದಾದ ರೆನ್ಯೆ ಪ್ರದೇಶಕ್ಕೆ ಆ ಮಾನ್ಯತೆ ಬಂದುದು 1988ರಲ್ಲಿ. ಇವುಗಳಲ್ಲಿ ಬಹುಕಾಲ ಬಾಳುವ ವೈನಿಗೆ ಪ್ರಸಿದ್ಧವಾದುದು ಮೂಲಾಂ ಆ ವಾಂ. ಆ ಮಾತಿಗೆ ಗಾಳಿಗಿರಣಿ ಎಂದು ಅರ್ಥ. ಆ ಹೆಸರಿನ ಊರು ಇಲ್ಲ. ರೊಮಾನೆಶ್-ತೊರಾಂ ಮತ್ತು ಶೆನಾ ಗ್ರಾಮಗಳ ತೋಟಗಳ ನಡುವೆ ನಿಂತಿರುವ ಹಳೆಯ ಗಾಳಿಗಿರಣಿಯೇ ಆ ಹೆಸರಿಗೆ ಮೂಲ. ಅಲ್ಲಿನ ಗ್ರಾನೈಟ್ ಮಣ್ಣಿನಲ್ಲಿ ಮ್ಯಾಂಗನೀಸ್ ಬೆರೆತಿದೆ. ವೈನಿನ ಬಿಗಿಗೆ ಅದೇ ಕಾರಣವೆಂದು ಅಲ್ಲಿಯ ಜನ ಹೇಳುವುದುಂಟು.

ಅದೇ ರೊಮಾನೆಶ್ ಗ್ರಾಮದಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆನ್ವಾ ರಾಕ್ಲೆ ಎಂಬ ಗೃಹಸ್ಥನಿದ್ದ. ಎಲೆ ತಿನ್ನುವ ಕಂಬಳಿಹುಳು ಊರಿನ ತೋಟಗಳನ್ನೆಲ್ಲ ಹಾಳುಮಾಡುತ್ತಿದ್ದಾಗ, ತನ್ನ ಮನೆಯ ಗೋಡೆಯ ಪಕ್ಕದ ಒಂದು ಬಳ್ಳಿ ಮಾತ್ರ ಹಸಿರಾಗಿರುವುದನ್ನು ಆತ ಕಂಡ. ಅಡಿಗೆಮನೆಯಿಂದ ಪಾತ್ರೆ ತೊಳೆದ ಬಿಸಿನೀರು ಅದರ ಬುಡಕ್ಕೆ ಬೀಳುತ್ತಿತ್ತು. ಚಳಿಗಾಲದಲ್ಲಿ ಬಳ್ಳಿಯ ತೊಗಟೆಯೊಳಗೆ ಅಡಗಿರುವ ಮರಿಹುಳುಗಳನ್ನು ಬಿಸಿನೀರಿನಿಂದ ಕೊಲ್ಲಬಹುದೆಂಬ ಉಪಾಯ ಹುಟ್ಟಿದ್ದು ಹೀಗೆ. ಆತನ ಹೆಸರಿನಲ್ಲಿ ಅಲ್ಲಿ ಇಂದಿಗೂ ಹಬ್ಬ ನಡೆಯುತ್ತದೆ. ಗ್ರಂಥಗಳು ಹೇಳದ ಸಂಗತಿಯನ್ನು ತೋಟವೇ ಕಲಿಸುವುದೆಂಬ ಭರವಸೆ ಆ ನೆಲದಲ್ಲಿ ಹಳೆಯದು.

ಇನ್ನು ಹಣ್ಣಿನ ಸ್ವಭಾವವನ್ನು ನೋಡೋಣ. ಗಾಮೇ ಹಣ್ಣಿನ ಸಿಪ್ಪೆ ತೆಳು, ಬಣ್ಣ ಕಪ್ಪು. ಒಳಗಿನ ರಸಕ್ಕೆ ಬಣ್ಣವಿಲ್ಲ. ಆದ್ದರಿಂದ ವೈನು ಕೆಂಪಾಗಬೇಕಾದರೆ ರಸ ಸಿಪ್ಪೆಯೊಡನೆ ನೆನೆಯಲೇಬೇಕು. ಹಣ್ಣಿನಲ್ಲಿ ಹುಳಿ ಧಾರಾಳವಾಗಿದೆ, ಒಗರು ಕಡಿಮೆ. ಈ ಒಗರಿನ ಅಂಶಕ್ಕೆ ಟ್ಯಾನಿನ್ ಎಂದು ಹೆಸರು. ನಮ್ಮ ಅಡಿಕೆಯಲ್ಲಿಯೂ ಎಳೆಯ ಬಾಳೆಕಾಯಿಯಲ್ಲಿಯೂ ನಾಲಗೆಯನ್ನು ಹಿಡಿದೆಳೆಯುವ ಗುಣ ಅದೇ. ಕೆಂಪು ವೈನು ವರ್ಷಗಟ್ಟಲೆ ಕೆಡದೆ ನಿಲ್ಲುವುದಕ್ಕೆ ಹುಳಿಯ ಜೊತೆಗೆ ಒಗರೂ ಬೇಕು. ಗಾಮೇ ವೈನು ಬಹುಕಾಲ ನಿಲ್ಲಲಾರದೆಂಬ ಸಾಮಾನ್ಯ ನಂಬಿಕೆಗೆ ಇದೇ ಆಧಾರ.

ಬೋಜೊಲೆಯಲ್ಲಿ ರೂಢಿಯಲ್ಲಿರುವ ವಿಧಾನವೂ ಈ ನಂಬಿಕೆಗೆ ತಕ್ಕುದೇ. ಅಲ್ಲಿ ಹಣ್ಣನ್ನು ಮೊದಲೇ ಕಿವುಚುವುದಿಲ್ಲ. ಕೈಯಿಂದ ಕೊಯ್ದ ಇಡೀ ಗೊಂಚಲುಗಳನ್ನು ತೊಟ್ಟಿಯಲ್ಲಿ ತುಂಬುತ್ತಾರೆ. ತಮ್ಮದೇ ಭಾರಕ್ಕೆ ಕೆಳಗಿನ ಹಣ್ಣುಗಳು ಒಡೆದು ರಸ ಹುದುಗಲಾರಂಭಿಸುತ್ತದೆ. ಅದರಿಂದ ಎದ್ದ ಇಂಗಾಲದ ಡೈಆಕ್ಸೈಡ್ ಅನಿಲ ತೊಟ್ಟಿಯನ್ನೆಲ್ಲ ವ್ಯಾಪಿಸುತ್ತದೆ. ಗಾಳಿಯಿಲ್ಲದ ಆ ಸ್ಥಿತಿಯಲ್ಲಿ ಮೇಲಿನ ಒಡೆಯದ ಹಣ್ಣುಗಳ ಒಳಗೇ ಕಿಣ್ವಗಳು ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಮದ್ಯಸಾರವಾಗಿಸುತ್ತವೆ. ಈ ಕ್ರಿಯೆಯನ್ನು 1934ರಲ್ಲಿ ಮಿಶೆಲ್ ಫ್ಲಾಂಜಿ ಎಂಬ ಫ್ರೆಂಚ್ ವಿಜ್ಞಾನಿ ಗುರುತಿಸಿ ಅಭ್ಯಸಿಸಿದ. ಹೀಗೆ ತಯಾರಾದ ವೈನಿಗೆ ಒಗರು ಕಡಿಮೆ, ಹಣ್ಣಿನ ಪರಿಮಳ ಹೆಚ್ಚು. ಕೆಲವೊಮ್ಮೆ ಬಾಳೆಹಣ್ಣಿನ ಸುಗಂಧವೂ ಸುಳಿಯುವುದುಂಟು.

ಈ ಗುಣವನ್ನೇ ಬಂಡವಾಳ ಮಾಡಿಕೊಂಡು ಬೆಳೆದದ್ದು ಬೋಜೊಲೆ ನೂವೋ, ಅಂದರೆ ಹೊಸ ಬೋಜೊಲೆ. 1951ರ ನವೆಂಬರ್ ತಿಂಗಳಲ್ಲಿ, ಕೊಯ್ಲಾದ ಕೆಲವೇ ವಾರಗಳಲ್ಲಿ ವೈನನ್ನು ಮಾರಲು ಸರಕಾರ ಅನುಮತಿ ಕೊಟ್ಟಿತು. 1985ರಿಂದ ನವೆಂಬರಿನ ಮೂರನೆಯ ಗುರುವಾರವೇ ಅದರ ಬಿಡುಗಡೆಯ ದಿನವೆಂದು ನಿಗದಿಯಾಯಿತು. ಆ ದಿನ ಪ್ಯಾರಿಸಿನಿಂದ ಟೋಕಿಯೋವರೆಗೆ ಅಂಗಡಿಗಳ ಮುಂದೆ ಫಲಕಗಳು ಏಳುತ್ತಿದ್ದವು. ರೈತನಿಗೆ ಇದರಿಂದ ಆದ ಉಪಕಾರ ಅಲ್ಪವಲ್ಲ. ಸೆಪ್ಟೆಂಬರಿನಲ್ಲಿ ಕೊಯ್ದ ಬೆಳೆ ವರ್ಷಾಂತ್ಯದೊಳಗೆ ಹಣವಾಗುವುದೆಂದರೆ ಸಾಲಗಾರನಿಗೆ ಅದಕ್ಕಿಂತ ದೊಡ್ಡ ವರ ಬೇರೆ ಏನಿದೆ? ಆದರೆ ವರದ ಬೆನ್ನಿಗೇ ಶಾಪವೂ ಬಂತು. ಬೋಜೊಲೆ ಎಂದರೆ ನವೆಂಬರಿನಲ್ಲಿ ಕುಡಿದು ಡಿಸೆಂಬರಿನಲ್ಲಿ ಮರೆಯುವ ಪಾನೀಯ ಎಂಬ ಭಾವನೆ ಬೇರೂರಿತು. ಮೂಲಾಂ ಆ ವಾಂ, ಮೊರ್ಗೋನ್‌ಗಳ ವೈನನ್ನು ನೂವೋ ಎಂದು ಮಾರುವಂತೆಯೇ ಇಲ್ಲ. ಆದರೂ ಆ ಭಾವನೆಯ ನೆರಳು ಅವುಗಳ ಮೇಲೂ ಬಿತ್ತು. ಹುಚ್ಚು ಇಳಿದಾಗ ಬೆಲೆಯೂ ಇಳಿಯಿತು. 2001ರ ಬೆಳೆಯ ಅನಂತರ ಮಾರಾಟವಾಗದೆ ಉಳಿದ ವೈನಿನ ಬಹುಭಾಗವನ್ನು ಬಟ್ಟಿಗೆ ಕಳುಹಿಸಬೇಕಾಯಿತು. ಮುಂದಿನ ವರ್ಷಗಳಲ್ಲಿ ಎಷ್ಟೋ ತೋಟಗಳನ್ನು ರೈತರು ತಮ್ಮ ಕೈಯಿಂದಲೇ ಕಿತ್ತರು. ಡ್ಯೂಕನ ಆಜ್ಞೆ ಮಾಡದುದನ್ನು ಮಾರುಕಟ್ಟೆ ಮಾಡಿತು.

ಹೊಸ ತಲೆಮಾರಿನ ವೈನರಿಗಳು ತಲೆಯೆತ್ತಿದ್ದು ಈ ಸಂಕಷ್ಟದ ನಡುವೆಯೇ. ಬೆಲೆ ಬಿದ್ದ ಭೂಮಿ ಕೊಳ್ಳಲು ಸುಲಭ. ಬರ್ಗಂಡಿಯ ಹೆಸರಾಂತ ಇಳಿಜಾರುಗಳಲ್ಲಿ ಒಂದು ತುಂಡು ನೆಲವನ್ನೂ ಕೊಳ್ಳಲಾರದ ತರುಣರು ಬೋಜೊಲೆಯಲ್ಲಿ ಎರಡು ಮೂರು ಹೆಕ್ಟೇರು ಹಳೆಯ ಬಳ್ಳಿಗಳನ್ನು ಕೊಂಡೋ ಗುತ್ತಿಗೆಗೆ ಹಿಡಿದೋ ಕಸುಬನ್ನು ಆರಂಭಿಸಿದರು. ಅವರಲ್ಲಿ ಕೆಲವರು ಬರ್ಗಂಡಿಯ ಕ್ರಮವನ್ನು ಗಾಮೇ ಹಣ್ಣಿಗೆ ಅಳವಡಿಸಿದರು. ಗೊಂಚಲಿನ ತೊಟ್ಟು ಬಿಡಿಸಿ, ಹಣ್ಣನ್ನು ಒಡೆದು, ರಸವನ್ನು ಸಿಪ್ಪೆಯೊಡನೆ ಎರಡು ಮೂರು ವಾರ ಹುದುಗಿಸಿ, ಒಗರನ್ನೂ ಬಣ್ಣವನ್ನೂ ಹೆಚ್ಚಾಗಿ ಹೀರಿಸಿ, ಆಮೇಲೆ ಓಕ್ ಪೀಪಾಯಿಯಲ್ಲಿ ಒಂದು ಒಂದೂವರೆ ವರ್ಷ ಇಡುವುದು ಈ ಕ್ರಮ. ಗಾಮೇ ಹಣ್ಣಿಗೆ ಇದು ತೀರ ಹೊಸದೇನೂ ಅಲ್ಲ; ಮೂಲಾಂ ಆ ವಾಂ ಪ್ರದೇಶದಲ್ಲಿ ಮರದ ಪಾತ್ರೆಯಲ್ಲಿ ಮಾಗಿಸುವ ರೂಢಿ ಮುಂಚಿನಿಂದಲೂ ಇತ್ತು. ನೂವೋ ವೈನಿನ ಭರಾಟೆಯಲ್ಲಿ ಲೋಕ ಅದನ್ನು ಮರೆತಿತ್ತು, ಅಷ್ಟೇ.

ಪೀಪಾಯಿ ಎಂದರೆ ಬರಿಯ ಪಾತ್ರೆಯಲ್ಲ. ಫ್ರಾನ್ಸಿನ ನಡುಭಾಗದ ತ್ರೋನ್ಸೆ ಅರಣ್ಯದ ಓಕ್ ಮರಗಳು ಇದಕ್ಕೆ ಹೆಸರುವಾಸಿ. ಹದಿನೇಳನೆಯ ಶತಮಾನದಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಮಂತ್ರಿ ಕೊಲ್ಬೇರ್, ನೌಕಾಪಡೆಯ ಹಡಗುಗಳಿಗೆ ಮರ ಒದಗಲೆಂದು ಆ ಅರಣ್ಯವನ್ನು ವ್ಯವಸ್ಥೆಗೊಳಿಸಿದ. ಹಡಗುಗಳು ಕಬ್ಬಿಣದವಾದವು, ಮರ ವೈನಿನ ಪಾಲಿಗೆ ಉಳಿಯಿತು. ನೂರೈವತ್ತು ಇನ್ನೂರು ವರ್ಷ ಬಲಿತ ಮರವನ್ನು ಕಡಿದು, ಅದರ ನಾರಿನ ಜಾಡು ಹಿಡಿದು ಸೀಳುತ್ತಾರೆ. ಗರಗಸದಿಂದ ಅಡ್ಡಾದಿಡ್ಡಿ ಕೊಯ್ದರೆ ನಾರು ಕಡಿದು ಪೀಪಾಯಿ ಸೋರುತ್ತದೆ. ಸೀಳಿದ ಹಲಗೆಗಳನ್ನು ಎರಡು ಮೂರು ವರ್ಷ ಬಯಲಿನಲ್ಲಿ ಒಟ್ಟಿ, ಮಳೆ ಬಿಸಿಲುಗಳಿಗೆ ಒಡ್ಡುತ್ತಾರೆ. ಮರದ ಕಟು ಒಗರು ಮಳೆಯಲ್ಲಿ ತೊಳೆದುಹೋಗುತ್ತದೆ. ಆ ಬಳಿಕ ಬೆಂಕಿಯ ಸುತ್ತ ಹಲಗೆಗಳನ್ನು ನಿಲ್ಲಿಸಿ, ಶಾಖದಿಂದ ಬಾಗಿಸಿ, ಕಬ್ಬಿಣದ ಪಟ್ಟಿಗಳಿಂದ ಬಿಗಿಯುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಒಳಮೈಯನ್ನು ಉರಿಯಲ್ಲಿ ಹದವಾಗಿ ಹುರಿಯುವುದೂ ಉಂಟು; ವೆನಿಲ್ಲಾ, ಲವಂಗ, ಹುರಿದ ಬಾದಾಮಿಗಳನ್ನು ನೆನಪಿಗೆ ತರುವ ಸುವಾಸನೆಗಳು ಮರದ ಸತ್ತ್ವದಿಂದಲೂ ಈ ಹುರಿಯುವಿಕೆಯಿಂದಲೂ ವೈನಿಗೆ ಇಳಿಯುತ್ತವೆ.

ಪೀಪಾಯಿಯೊಳಗೆ ನಡೆಯುವ ಮುಖ್ಯ ಕಾರ್ಯಗಳು ಮೂರು. ಮರದ ಸೂಕ್ಷ್ಮರಂಧ್ರಗಳಿಂದಲೂ ಹಲಗೆಗಳ ಸಂದಿನಿಂದಲೂ ಅತ್ಯಲ್ಪ ಗಾಳಿ ಒಳಸೇರಿ, ವೈನಿನ ಒಗರನ್ನು ಪಳಗಿಸುತ್ತದೆ, ಬಣ್ಣವನ್ನು ನಿಲ್ಲಿಸುತ್ತದೆ. ಮರ ತನ್ನ ಒಗರನ್ನು ಕೊಟ್ಟು, ಗಾಮೇ ಹಣ್ಣಿಗೆ ಇಲ್ಲದ ಬೆನ್ನೆಲುಬನ್ನು ಸ್ವಲ್ಪಮಟ್ಟಿಗೆ ಒದಗಿಸುತ್ತದೆ. ಇದರೊಡನೆ ಬ್ಯಾಕ್ಟೀರಿಯಾಗಳು ಹಸಿ ಸೇಬಿನ ತೀಕ್ಷ್ಣ ಹುಳಿಯನ್ನು ಮೊಸರಿನ ಮೃದುವಾದ ಹುಳಿಯಾಗಿ ಮಾರ್ಪಡಿಸುತ್ತವೆ. ಈ ಅವಧಿಯಲ್ಲಿ ವೈನು ಆವಿಯಾಗಿ ತಗ್ಗುತ್ತಲೇ ಇರುತ್ತದೆ. ತಗ್ಗಿದಷ್ಟನ್ನು ಆಗಾಗ ತುಂಬಿಸದಿದ್ದರೆ ಖಾಲಿಯಾದ ಜಾಗದಲ್ಲಿ ಗಾಳಿ ನಿಂತು ವೈನು ವಿನೆಗರ್ ಆಗುವ ಭಯವಿದೆ. ಹಳೆಯ ಪೀಪಾಯಿಯ ಶುಚಿತ್ವದಲ್ಲಿ ಉದಾಸೀನ ಮಾಡಿದರೆ ಕುದುರೆಲಾಯದ ವಾಸನೆ ಹತ್ತುತ್ತದೆ. ಉಪ್ಪಿನಕಾಯಿಯ ಭರಣಿಯನ್ನು ನಮ್ಮ ಅಜ್ಜಿಯರು ಮಡಿಯಿಂದ ಕಾಪಾಡಿದಂತೆಯೇ ಪೀಪಾಯಿಯನ್ನೂ ಕಾಪಾಡಬೇಕು.

ಇನ್ನು ಲೆಕ್ಕದ ವಿಚಾರ. ಬರ್ಗಂಡಿಯ ಪೀಪಾಯಿಗೆ 228 ಲೀಟರ್ ಹಿಡಿಯುತ್ತದೆ. ಅಂದರೆ ಸುಮಾರು 300 ಸೀಸೆ. ಹೊಸ ಪೀಪಾಯಿಯೊಂದಕ್ಕೆ 800 ಯೂರೋ ಎಂದು ಇಟ್ಟುಕೊಂಡರೂ ಸೀಸೆಯೊಂದಕ್ಕೆ ಎರಡೂವರೆ ಯೂರೋಗಿಂತ ಹೆಚ್ಚು ಮರದ ಖರ್ಚೇ ಬೀಳುತ್ತದೆ. ಒಂದು ಹೆಕ್ಟೇರಿನ ಹಳೆಯ ಬಳ್ಳಿಗಳಿಂದ 4000 ಲೀಟರ್ ವೈನು ದೊರೆತರೆ ಅದಕ್ಕೆ ಹದಿನೇಳು ಹದಿನೆಂಟು ಪೀಪಾಯಿಗಳು ಬೇಕು. ಇದಕ್ಕಿಂತಲೂ ಭಾರವಾದುದು ಕಾಲದ ಖರ್ಚು. ನೂವೋ ಮಾರುವ ನೆರೆಯವನು ಕೊಯ್ದ ವರ್ಷವೇ ಹಣ ಎಣಿಸುತ್ತಾನೆ. ಪೀಪಾಯಿ ತುಂಬಿಸಿದವನು ಮೊದಲ ಸೀಸೆಯನ್ನು ಮಾರುವುದರೊಳಗೆ ಎರಡನೆಯ ಬೆಳೆ ನೆಲಮಾಳಿಗೆಗೆ ಬಂದಿರುತ್ತದೆ. ಅಷ್ಟರಲ್ಲಿ ಬ್ಯಾಂಕಿನ ಬಡ್ಡಿ, ಕೊಯ್ಲಿನವರ ಕೂಲಿ, ಮನೆಯ ಖರ್ಚು ಯಾವುದೂ ನಿಲ್ಲುವುದಿಲ್ಲ. ಆದ್ದರಿಂದಲೇ ವಿವೇಕಿಗಳು ವರ್ಷಕ್ಕೆ ಮೂರು ನಾಲ್ಕು ಹೊಸ ಪೀಪಾಯಿಗಳನ್ನು ಮಾತ್ರ ಕೊಂಡು, ಉಳಿದುವನ್ನು ಬರ್ಗಂಡಿಯ ದೊಡ್ಡ ವೈನರಿಗಳು ಬಳಸಿಬಿಟ್ಟವುಗಳಿಂದ ಭರ್ತಿಮಾಡುತ್ತಾರೆ. ಬೆಳೆಯ ಒಂದು ಪಾಲನ್ನು ಬೇಗ ಮಾರುವ ಹಗುರ ವೈನನ್ನಾಗಿ ಮಾಡಿ ದಿನ ನೂಕುತ್ತಾರೆ. ಹೀಗೆ ನೂವೋ ವೈನೇ ಪೀಪಾಯಿಯ ವೈನನ್ನು ಸಾಕುವ ಸಂದರ್ಭವೂ ಇದೆ.

ಪ್ರಕೃತಿಯೂ ಈ ಸಾಹಸಕ್ಕೆ ಅನುಕೂಲವಾಗಿಯೇ ಇರುವುದೆಂದು ಹೇಳಲಾಗದು. 2003ರ ಬಿಸಿಗಾಳಿಯಲ್ಲಿ ಬೋಜೊಲೆಯ ಕೊಯ್ಲು ಆಗಸ್ಟ್ ನಡುವಿನಲ್ಲಿಯೇ ಆರಂಭವಾಯಿತು. 2016 ಮತ್ತು 2017ರಲ್ಲಿ ಆಲಿಕಲ್ಲಿನ ಮಳೆ ಫ್ಲೊರಿ ಮೊದಲಾದ ಕಡೆಗಳ ತೋಟಗಳನ್ನು ಬಡಿದುಹಾಕಿತು. ಎರಡು ವರ್ಷದ ಬಂಡವಾಳವನ್ನು ನೆಲಮಾಳಿಗೆಯಲ್ಲಿ ಹೂಡಿ ಕುಳಿತವನಿಗೆ ಒಂದು ಗಂಟೆಯ ಆಲಿಕಲ್ಲು ಮೂರನೆಯ ವರ್ಷವನ್ನೇ ಕಸಿದುಕೊಳ್ಳಬಲ್ಲದು.

ಓಕ್ ಪೀಪಾಯಿಯನ್ನು ಆಕ್ಷೇಪಿಸುವವರೂ ಬೋಜೊಲೆಯಲ್ಲಿಯೇ ಇದ್ದಾರೆ. ಅವರ ಆಕ್ಷೇಪಣೆ ಉಪೇಕ್ಷಿಸುವಂಥದಲ್ಲ. ಗಾಮೇ ಹಣ್ಣಿನ ಸೊಗಸು ಇರುವುದೇ ಅದರ ತಾಜಾತನದಲ್ಲಿ. ಅದನ್ನು ಮರದಿಂದ ಮುಚ್ಚಿ ಬರ್ಗಂಡಿಯ ವೇಷ ಹಾಕಿಸುವುದೇಕೆ ಎಂಬುದು ಅವರ ಪ್ರಶ್ನೆ. ಬೋಜೊಲೆಯ ಜೂಲ್ ಶೋವೆ ವೈನು ವರ್ತಕನೂ ಹೌದು, ರಸಾಯನಶಾಸ್ತ್ರದ ವ್ಯಾಸಂಗಿಯೂ ಹೌದು. ಹೊರಗಿನದೇನನ್ನೂ ಸೇರಿಸದೆ ಹಣ್ಣಿನ ಗುಣವನ್ನೇ ಕಾಪಾಡುವ ಮಾರ್ಗವನ್ನು ಆತ ಬೋಧಿಸಿದ. 1989ರಲ್ಲಿ ಆತ ತೀರಿಕೊಂಡ ಮೇಲೂ ಆತನ ವಿಚಾರವನ್ನು ಅನುಸರಿಸಿದವರು ಅನೇಕರು. ಮೊರ್ಗೋನ್‌ನ ಮಾರ್ಸೆಲ್ ಲಾಪಿಯೇರ್ ಅವರಲ್ಲಿ ಪ್ರಮುಖ. ಆದರೆ ಈ ಪಂಥದವರೂ ಮರವನ್ನು ಪೂರ್ತಿಯಾಗಿ ತೊರೆದವರಲ್ಲ. ಹಲವು ಬಾರಿ ಬಳಸಿ ಸುವಾಸನೆ ಕಳೆದುಕೊಂಡ ಹಳೆಯ ಪೀಪಾಯಿಗಳು ಅವರಿಗೆ ಒಪ್ಪಿಗೆ. ಹೊಸ ಮಣ್ಣಿನ ಹೂಜಿಯ ನೀರಿಗೆ ಮಣ್ಣಿನ ವಾಸನೆ ಹತ್ತುತ್ತದೆ; ಹಳೆಯ ಹೂಜಿ ನೀರನ್ನು ತಂಪಾಗಿ ಇಡುತ್ತದೆ, ತನ್ನ ಗುರುತನ್ನು ಬಿಡುವುದಿಲ್ಲ. ವಿವಾದದ ಸಾರವನ್ನು ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಮರ ತಂಬೂರಿ, ಹಣ್ಣು ಗಾಯಕನ ಕಂಠ. ತಂಬೂರಿಯ ಆಸರೆ ಕಂಠಕ್ಕೆ ಬೇಕು. ಆದರೆ ಕಚೇರಿ ಮುಗಿದಾಗ ಕೇಳಿದವರ ಕಿವಿಯಲ್ಲಿ ತಂಬೂರಿ ಮಾತ್ರ ಉಳಿದರೆ ಗಾಯಕ ಹಾಡಿದ್ದು ವ್ಯರ್ಥ. ಗಾಮೇ ಹಣ್ಣಿನದು ತೆಳುವಾದ ಕಂಠ. ಅದರೊಡನೆ ಎಷ್ಟು ಮರ ಎಂಬ ಹದವನ್ನು ಹಿಡಿಯುವುದರಲ್ಲಿಯೇ ಹೊಸ ವೈನರಿಯ ಅಳಿವು ಉಳಿವು ಅಡಗಿದೆ.

ಈ ಹದ ಕೂಡಿಬಂದಾಗ ನಡೆಯುವ ಒಂದು ಸೋಜಿಗವನ್ನು ಬೋಜೊಲೆಯವರು ಬಹುಕಾಲದಿಂದ ಬಲ್ಲರು. ಒಳ್ಳೆಯ ನೆಲದ ಗಾಮೇ ವೈನು ಹತ್ತು ವರ್ಷ ಮಾಗಿದರೆ ಅದು ಪಿನೋ ವೈನನ್ನು ಹೋಲತೊಡಗುತ್ತದೆ. ಇದಕ್ಕೆಂದೇ ಅವರ ಮಾತಿನಲ್ಲಿ ಪಿನೋ ಹೆಸರಿನಿಂದ ಹುಟ್ಟಿದ ಕ್ರಿಯಾಪದವೊಂದಿದೆ. ಇದು ಅಭಿಮಾನದ ಮಾತೆಂದು ನಕ್ಕವರು ಅನೇಕರಿದ್ದಿರಬಹುದು. ಆದರೆ 1999ರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ವಿಜ್ಞಾನಿಗಳು ದ್ರಾಕ್ಷಿಗಳ ವಂಶವಾಹಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ವಿಸ್ಮಯಕರವಾಗಿತ್ತು. ಗಾಮೇ ಪಿನೋ ದ್ರಾಕ್ಷಿಯ ಸಂತಾನವೇ. ಅದರ ಇನ್ನೊಂದು ಜನಕ ಗುವೇ ಎಂಬ ಬಿಳಿ ದ್ರಾಕ್ಷಿ. ಹಿಂದೆ ಬಡ ಒಕ್ಕಲುಗಳು ಬೆಳೆಯುತ್ತಿದ್ದ, ಯಾರೂ ಮನ್ನಿಸದ ತಳಿ. ಬಿಳಿ ವೈನುಗಳಲ್ಲಿ ಕೀರ್ತಿಯ ಶಿಖರವೇರಿದ ಶಾರ್ಡೊನೆ ಕೂಡ ಇದೇ ದಂಪತಿಗಳ ಸಂತಾನ. ಎಂದಮೇಲೆ 1395ರಲ್ಲಿ ಡ್ಯೂಕ್ ಫಿಲಿಪ್ ಪಿನೋ ದ್ರಾಕ್ಷಿಯ ಮಾನ ಉಳಿಸಲೆಂದು ಹೊರಗಟ್ಟಿದ್ದು ಅದರ ಮಗುವನ್ನೇ.

ಕನ್ನಡ ನಾಡಿನ ಕೇಳುಗರಿಗೆ ದ್ರಾಕ್ಷಿ ಪರಕೀಯ ಬೆಳೆಯಲ್ಲ. ವಿಜಯಪುರದ ಬೆಳೆಗಾರರು ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಬಳ್ಳಿಗೆ ಚಾಟ್ನಿ ಮಾಡುತ್ತಾರೆ. ಚಳಿಗಾಲದ ನಿದ್ರೆಯಿರುವ ಬೋಜೊಲೆಯಲ್ಲಿ ಅದು ವರ್ಷಕ್ಕೆ ಒಂದೇ ಬಾರಿ. 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿಯನ್ನು ಘೋಷಿಸಿದ ಮೇಲೆ ನಮ್ಮಲ್ಲಿಯೂ ವೈನರಿಗಳು ಹೆಚ್ಚಿವೆ. ನಂದಿಬೆಟ್ಟದ ತಪ್ಪಲಿನಲ್ಲಿ ಅದಕ್ಕೂ ಮುಂಚಿನಿಂದಲೇ ಈ ಉದ್ಯಮವಿದೆ. ಗಾಮೇ ಬಳ್ಳಿಯನ್ನು ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ತಂಪು ನಾಡಿನ ಬಳ್ಳಿಗೆ ನಮ್ಮ ಬಿಸಿಲು ಹಿತವಾಗಲಾರದು. ಆದರೆ ಚಿಕ್ಕಬಳ್ಳಾಪುರ, ದೇವನಹಳ್ಳಿ ಸೀಮೆಗಳ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಅಗ್ಗದ ಹಣ್ಣೆಂದು ತಳ್ಳಿಹಾಕುವ ಮುನ್ನ, ದೋಷ ಬಳ್ಳಿಯದೋ, ಬೆಳೆಯುವ ಕ್ರಮದ್ದೋ, ನಮ್ಮ ಆತುರದ್ದೋ ಎಂಬುದನ್ನು ಒಮ್ಮೆ ವಿಚಾರಿಸುವುದು ಲೇಸು.

ಮೂಲಾಂ ಆ ವಾಂ ಇಳಿಜಾರಿನ ನೆಲಮಾಳಿಗೆಗಳಲ್ಲಿ ಇಂದು ಸಾಲಾಗಿ ಮಲಗಿರುವ ಪೀಪಾಯಿಗಳು ಕಾಲ ಕಳೆದಮೇಲೆ ಏನನ್ನು ಹೇಳುವುವೆಂಬುದನ್ನು ಅವುಗಳನ್ನು ತುಂಬಿಸಿದವರೂ ಅರಿಯರು. ಅವರಲ್ಲಿ ಕೆಲವರು ಸಾಲಕ್ಕೆ ಸೋತು ತೋಟ ಮಾರಬಹುದು. ಕೆಲವರ ವೈನಿನಲ್ಲಿ ಹಣ್ಣನ್ನು ಮರ ನುಂಗಿರಬಹುದು. ಆದರೆ ಅವರಲ್ಲಿ ಒಬ್ಬನ ಪೀಪಾಯಿಯಾದರೂ ಹದಗೆಡದೆ ಮಾಗಿ ಬಂದರೆ, ಆರು ನೂರು ವರ್ಷಗಳ ಹಿಂದಿನ ತೀರ್ಪೊಂದಕ್ಕೆ ಮೇಲ್ಮನವಿ ಸಲ್ಲಿಸಿದ ಹಾಗಾಗುತ್ತದೆ. ಅದಕ್ಕೆ ಅವರು ಕೇಳುತ್ತಿರುವುದು ಬೇರೇನನ್ನೂ ಅಲ್ಲ, ಸ್ವಲ್ಪ ಕಾಲಾವಕಾಶವನ್ನು.